ಆಣೆ ಬಿಟ್ಟ ರಾಜಮತಿ

ಖಾಸಬಾಗದ ಆ ಮನೆಯ ನಡುವೆ ಗೋಡೆ ಎದ್ದದ್ದು ೧೮೯೯ರಲ್ಲಿ. ಅಣ್ಣ ನೇಮಣ್ಣ, ತಮ್ಮ ಆದಪ್ಪ ಇಬ್ಬರೂ ಜಗಳವಾಡಿ ಬೇರೆಯಾದವರಲ್ಲ. ಮುಂದೆ ಸೊಸೆಯಂದಿರು ಬರುತ್ತಾರೆ, ಒಂದೇ ಒಲೆಯ ಮುಂದೆ ನಾಲ್ಕು ಜನ ಹೆಂಗಸರು ಕೂಡುವುದು ಬೇಡ ಎಂದುಕೊಂಡು, ಬಸದಿಯಲ್ಲಿ ಇಬ್ಬರು ಹಿರಿಯರ ಎದುರು ಕುಳಿತು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡರು. ಅಂಗಡಿ ಮತ್ತು ಊರ ಪಕ್ಕದ ಹೊಲ ಅಣ್ಣನಿಗೆ. ಖಾನಾಪುರ ತಾಲೂಕಿನ ಬೀಡಿಯಲ್ಲಿದ್ದ ನಾಲ್ಕು ಎಕರೆ ಹನ್ನೊಂದು ಗುಂಟೆ ಭತ್ತದ ಭೂಮಿ ತಮ್ಮನಿಗೆ. ಕಾಗದ ಬರೆಯಲಿಲ್ಲ. ಸ್ಟಾಂಪಿನ ಮೇಲೆ ಬರೆಸಿದರೆ ಅಣ್ಣತಮ್ಮಂದಿರು ಕಾದಾಡಿಕೊಂಡರೆಂದು ಪೇಟೆಯಲ್ಲಿ ಮಾತಾಗುತ್ತದೆ, ಅದು ಮನೆತನಕ್ಕೆ ನಾಚಿಕೆ ಎಂದು ಇಬ್ಬರಿಗೂ ಅನ್ನಿಸಿತ್ತು. ಸರಕಾರದ ಖಾತೆ ಮೊದಲಿನ ಹಾಗೆ ಹಿರಿಯನಾದ ನೇಮಣ್ಣನ ಹೆಸರಿನಲ್ಲೇ ಉಳಿಯಿತು. ಬಾವಿ ಅಣ್ಣನ ಕಡೆಗೆ ಹೋದದ್ದರಿಂದ ಗೋಡೆಯಲ್ಲಿ ಒಂದು ಸಣ್ಣ ಬಾಗಿಲನ್ನು ಬಿಟ್ಟರು. ಅದಕ್ಕೆ ಅಗಳಿ ಇರಲಿಲ್ಲ.

ರಾಜಮತಿ ಆ ಮನೆಗೆ ಬಂದದ್ದು ನಾಲ್ಕು ವರ್ಷದ ನಂತರ, ಆದಪ್ಪನ ಒಬ್ಬನೇ ಮಗ ಭೂಪಾಲನ ಹೆಂಡತಿಯಾಗಿ. ಆಗ ಅವಳಿಗೆ ಹದಿನೈದು ವರ್ಷ. ಮಾತು ಜೋರು, ಕೈಯೂ ಚುರುಕು. ಎರಡು ಮಾತಿಗೊಮ್ಮೆ ಆಣೆ ಇಡುವ ಚಟ ತವರಿನಿಂದಲೇ ಬಂದಿತ್ತು. ಹಾಲು ನೀರಾಗಿದೆ ಎನ್ನಲು ಒಂದು ಆಣೆ, ಬಿಸಿಲು ಜಾಸ್ತಿ ಎನ್ನಲು ಇನ್ನೊಂದು.

ಬೀಡಿಯ ಭೂಮಿಯನ್ನು ಪಾಲಿಗೆ ಮಾಡುತ್ತಿದ್ದವನು ಮದಾರಸಾಬ. ಅವನ ತಂದೆಯ ಕಾಲದಿಂದ ಅದು ಅವರ ಕೈಯಲ್ಲಿತ್ತು. ಬೆಳೆದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಒಡೆಯರಿಗೆ. ಅವನ ಮನೆಯೂ ಆ ಭೂಮಿಯ ಪೂರ್ವದ ಅಂಚಿನಲ್ಲಿತ್ತು. ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಅವನ ಗಾಡಿ ಖಾಸಬಾಗಕ್ಕೆ ಬರುತ್ತಿತ್ತು. ನಿಲ್ಲುತ್ತಿದ್ದದ್ದು ಆದಪ್ಪನ ಬಾಗಿಲಿಗೆ.

“ಜಿನದೇವರಾಣಿ, ಹ್ವಾದ ವರ್ಷಕ್ಕಿಂತ ಎರಡ ಚೀಲ ಕಮ್ಮಿ ಐತಿ ಮದಾರಣ್ಣಾ!” ಎಂದು ರಾಜಮತಿ ಗಾಡಿ ನೋಡಿದ ಕೂಡಲೇ ಅನ್ನುವಳು.

“ಆಣಿ ಇಡಬ್ಯಾಡ್ರಿ ಅಕ್ಕಾರ, ಎಣಸ್ರಿ. ಆಣಿಗಿಂತ ಎಣಿಕಿ ಛಲೋ,” ಎಂದು ಅವನು ನೊಗ ಇಳಿಸುವನು. ಎಣಿಸಿದರೆ ಸರಿಯಾಗಿಯೇ ಇರುತ್ತಿತ್ತು.

ಅತ್ತೆ ಮಾವ ತೀರಿಕೊಂಡರು. ೧೯೧೮ರ ಜ್ವರದಲ್ಲಿ ಮೂರು ದಿನ ಮಲಗಿ ಭೂಪಾಲನೂ ಹೋದ. ಮಕ್ಕಳು ಉಳಿದಿರಲಿಲ್ಲ. ನೇಮಣ್ಣನ ಮಗ ಪದ್ಮಾಕರನೇ ಅಣ್ಣನ ಕಾರ್ಯವನ್ನೆಲ್ಲ ಮಾಡಿದ. ಗಲ್ಲಿಯಲ್ಲಿ ಹೆಣ ಹೊರಲು ಜನ ಸಿಗದ ಆ ವಾರದಲ್ಲಿ ಅವನು ಹೆಗಲು ಕೊಟ್ಟದ್ದನ್ನು ರಾಜಮತಿ ಮುಂದೆ ಕೋರ್ಟಿನಲ್ಲೂ ಮರೆಮಾಚಲಿಲ್ಲ.

ಮರುವರ್ಷ ಒಬ್ಬ ವೃದ್ಧ ದಿಗಂಬರ ಮುನಿಗಳು ಆ ದಾರಿಯಲ್ಲಿ ವಿಹಾರ ಮಾಡುತ್ತ ಬಂದು ಖಾಸಬಾಗದಲ್ಲಿ ಎರಡು ದಿನ ನಿಂತರು. ಮುನಿಗಳು ಬಂದಾಗ ಗೃಹಸ್ಥರು ಏನಾದರೊಂದನ್ನು ಬಿಡುವ ನೇಮ ತೆಗೆದುಕೊಳ್ಳುವುದು ರೂಢಿ. ಪದ್ಮಾಕರನ ಹೆಂಡತಿ ತಾರಾಬಾಯಿ ಬದನೆಕಾಯಿ ಬಿಟ್ಟಳು. ರಾಜಮತಿಯ ಸರದಿ ಬಂತು.

“ಗಡ್ಡಿ-ಗೆಣಸ ಮೊದಲಿಂದನ ತಿನ್ನಂಗಿಲ್ರಿ ಮಾರಾಜ್ರ. ಹೊತ್ತು ಮುಣಗಿದ ಮ್ಯಾಲ ಊಟಾನೂ ಇಲ್ಲ. ಇನ್ನೇನ ಬಿಡ್ಲಿ?”

“ಯಾವುದು ಬಿಡಾಕ ತ್ರಾಸ ಆಕ್ಕತಿ, ಅದನ್ನ ಬಿಡವ್ವಾ,” ಎಂದರು ಮುನಿಗಳು.

ತಾರಾಬಾಯಿ ಹಿಂದಿನಿಂದ ತಿವಿದಳು: “ಆಣಿ ಇಡೂದು ಬಿಡಸ್ರಿ ಮಾರಾಜ್ರ! ನಮ್ಮ ಅಕ್ಕ ಬೆಕ್ಕಿನ ಸಂಗಾಟ ಮಾತಾಡಿದರೂ ಜಿನಪ್ಪನ್ನ ಸಾಕ್ಷಿಗೆ ಕರೀತಾಳ.”

ಹೆಂಗಸರೆಲ್ಲ ನಕ್ಕರು. ಗಂಡಸರ ಸಾಲಿನಲ್ಲಿ ಕುಳಿತಿದ್ದ ಪದ್ಮಾಕರನೂ ನಕ್ಕ. ಮುನಿಗಳು ಮಾತ್ರ ನಗಲಿಲ್ಲ. “ಸುಳ್ಳ ಆಣಿ ಅಷ್ಟ ಅಲ್ಲ, ಖರೇ ಆಣೀನೂ ಇಡೂ ಹಂಗಿಲ್ಲ. ಸಾಯೂ ತನಕ. ಆಕ್ಕತೇನ?” ಎಂದು ಕೇಳಿದರು. ರಾಜಮತಿ ಆಗುತ್ತದೆ ಎಂದು ಕೈಮುಗಿದಳು. ಮೊದಲ ತಿಂಗಳು ಹಲ್ಲುಕಚ್ಚಿ ಮಾತಾಡಿದಳು. ಆಮೇಲೆ ಅವಳ ಮಾತೇ ಕಡಿಮೆಯಾಯಿತು ಎಂದು ಗಲ್ಲಿಯವರು ಹೇಳುತ್ತಿದ್ದರು. ಅದು ನೇಮದಿಂದಲೋ ವೈಧವ್ಯದಿಂದಲೋ ಹೇಳಲು ಬರುವುದಿಲ್ಲ.

ತಂಟೆ ಶುರುವಾದದ್ದು ೧೯೨೪ರಲ್ಲಿ. ತೀರಿಕೊಂಡಿದ್ದ ತಂದೆಯ ಹೆಸರನ್ನು ಖಾತೆಯಿಂದ ತೆಗೆಸಿ ತನ್ನ ಹೆಸರು ಹಚ್ಚಿಸಲು ಪದ್ಮಾಕರ ಖಾನಾಪುರದ ಕಚೇರಿಗೆ ಹೋದ. ನೇಮಣ್ಣನ ಹೆಸರಿನಲ್ಲಿದ್ದ ಎಲ್ಲ ನಂಬರುಗಳಿಗೂ, ಬೀಡಿಯದೂ ಸೇರಿ, ಅವನ ಹೆಸರು ಬಿತ್ತು. ಆ ದಿನದವರೆಗೆ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದೇ ತೋರುತ್ತದೆ. ಆಮೇಲೆ ಒಬ್ಬ ವಕೀಲರು ಕಾಯಿದೆ ತಿಳಿಸಿದರು: ಕುಟುಂಬ ಒಟ್ಟಾಗಿದ್ದಾಗ ಗಂಡುಮಗನಿಲ್ಲದೆ ಸತ್ತವನ ಹಿಸ್ಸೆ ಉಳಿದ ಗಂಡಸರಿಗೆ ಹೋಗುತ್ತದೆ, ವಿಧವೆಗೆ ಅನ್ನ-ಬಟ್ಟೆ ಮಾತ್ರ. ಪದ್ಮಾಕರನಿಗೆ ಮೂರು ಗಂಡುಮಕ್ಕಳಿದ್ದರು. ಆ ಸುಗ್ಗಿಗೆ ಪಾಲನ್ನು ತನ್ನ ಬಾಗಿಲಿಗೆ ತರಬೇಕೆಂದು ಅವನು ಮದಾರಸಾಬನಿಗೆ ಹೇಳಿಕಳಿಸಿದ. ಮದಾರಸಾಬ ಗಾಡಿಯನ್ನು ಎಂದಿನ ಬಾಗಿಲಿಗೇ ತಂದು ನಿಲ್ಲಿಸಿದ. ಹದಿನೈದು ದಿನದಲ್ಲಿ ಪದ್ಮಾಕರನ ವಕೀಲರಿಂದ ಇಬ್ಬರಿಗೂ ನೋಟೀಸು ಬಂತು.

ರಾಜಮತಿ ಮದಾರಸಾಬನನ್ನು ಜೊತೆಗೆ ಕರೆದುಕೊಂಡು ರೈಲಿನಲ್ಲಿ ಖಾನಾಪುರಕ್ಕೆ ಹೋದಳು. ಕಚೇರಿಯ ಕಾರಕೂನ ದುಂಡಪ್ಪ ಒಳ್ಳೆಯವನು. ದಫ್ತರ ತೆಗೆದು ಬೆರಳಿಟ್ಟು ತೋರಿಸಿದ.

“ನೋಡ್ರಿ ಬಾಯಾರ, ಇಲ್ಲಿ ಮೊದಲ ನೇಮಣ್ಣ, ಈಗ ಪದ್ಮಾಕರ. ನಿಮ್ಮ ಮಾವನ ಹೆಸರ ಹುಳಾನೂ ತಿಂದಿಲ್ಲ, ಇಲಿನೂ ತಿಂದಿಲ್ಲ. ಇರಲೇ ಇಲ್ಲ.”

“ಇಪ್ಪತ್ತೈದ ವರ್ಷ ಸಾರಾ ಕಟ್ಟಿದಾಂವ ನಾ ಅಲ್ಲೇನ್ರಿ? ಅಕ್ಕಾರ ಮನಿ ಪರವಾಗಿ?” ಎಂದ ಮದಾರಸಾಬ.

“ಚಾವಡಿಗೆ ಬಂದು ಕಟ್ಟಿದಾಂವ ನೀ, ಖರೇ. ಪಾವತಿ ಯಾರ ಹೆಸರಿಗೆ ಹರಿದಾರ? ಖಾತೇದಾರನ ಹೆಸರಿಗೆ. ನೀ ಕೊಟ್ಟಿದ್ದು ನೇಮಣ್ಣ ಕೊಟ್ಟಂಗ ಆತು.”

ಮದಾರಸಾಬ ಸೊಂಟದ ಚೀಲದಿಂದ ಭೂಕಂದಾಯ ಕಟ್ಟಿದ ಪಾವತಿಗಳ ಕಟ್ಟನ್ನು ತೆಗೆದ. ಒಂದೂ ಹರಿದಿರಲಿಲ್ಲ, ಒಂದೂ ಕಳೆದಿರಲಿಲ್ಲ. ಓದಲು ಬಾರದವನು ಅವನ್ನು ವರ್ಷದ ಕ್ರಮದಲ್ಲೇ ಇಟ್ಟಿದ್ದ. ಪ್ರತಿಯೊಂದರ ಮೇಲೂ ನೇಮಣ್ಣನ ಹೆಸರಿತ್ತು. ಅವನು ಜೋಪಾನ ಮಾಡಿದ್ದು ಎದುರಾಳಿಯ ಸಾಕ್ಷ್ಯವನ್ನು.

ಬೆಳಗಾವಿಯಲ್ಲಿ ನಾಗಲಿಂಗ ಎಂಬ ವಕೀಲರು ರಾಜಮತಿಯ ಪರವಾಗಿ ದಾವೆ ಹೂಡಿದರು. “ಇಡೀ ದಾವೆಗೆ ಒಂದ ಪ್ರಶ್ನೆ ಐತಿ ತಾಯಿ,” ಎಂದರು. “ಅಣ್ಣತಮ್ಮ ಬ್ಯಾರಿ ಆಗಿದ್ದರ ಹೊಲ ಭೂಪಾಲಂದು, ಅವನ ಹಿಂದ ನಿಮ್ದು. ಬ್ಯಾರಿ ಆಗಿರಲಿಲ್ಲಂದರ ಪದ್ಮಾಕರಂದು.”

“ನಟ್ಟನಡು ಮನ್ಯಾಗ ಗ್ವಾಡಿ ಐತೆಲ್ರಿ ವಕೀಲಸಾಹೇಬರ.”

“ಐತ್ರಿ. ಆ ಗ್ವಾಡ್ಯಾಗ ಬಾಗಲಾನೂ ಐತಿ.”

ಪಾಲು ಮಾಡಿದ ದಿನ ಬಸದಿಯಲ್ಲಿ ಕುಳಿತಿದ್ದ ಹಿರಿಯರಲ್ಲಿ ಒಬ್ಬರು ಪ್ಲೇಗಿನಲ್ಲಿ ಹೋಗಿದ್ದರು, ಇನ್ನೊಬ್ಬರು ೧೯೧೮ರಲ್ಲಿ. ಹೀಗಾಗಿ ರಾಜಮತಿಯ ಕಡೆಗೆ ಉಳಿದದ್ದು ಅವಳ ಮಾತು ಮತ್ತು ಮದಾರಸಾಬನ ಮಾತು. ಮದಾರಸಾಬ ಕಟಕಟೆಯಲ್ಲಿ ನಿಂತು, ಗೋಡೆ ಎದ್ದಾಗಿನಿಂದ ಪಾಲನ್ನು ಆದಪ್ಪನ ಮನೆಗೇ ಹಾಕಿದ್ದೇನೆ, ನೇಮಣ್ಣ ಒಂದು ಸೇರನ್ನೂ ಕೇಳಿದವನಲ್ಲ ಎಂದು ಹೇಳಿದ. ವಾದಿ ಸೋತರೆ ಭೂಮಿ ಕಳೆದುಕೊಳ್ಳುವವನು ನೀನೂ ಹೌದೋ ಅಲ್ಲವೋ ಎಂದು ಎದುರಿನ ವಕೀಲರು ಕೇಳಿದರು. ಹೌದು ಎಂದ. ಅವರು ಕುಳಿತುಬಿಟ್ಟರು.

ರಾಜಮತಿಯ ಸರದಿ ೧೯೨೬ರ ನವೆಂಬರ್ ೧೮ರಂದು. ಸಾಕ್ಷಿ ನುಡಿಯುವ ಮೊದಲು ಹೇಳಬೇಕಾದ ಮಾತಿನಲ್ಲಿ ದೇವರ ಹೆಸರು ಇದೆಯೇ ಎಂದು ಅವಳು ನಾಗಲಿಂಗ ವಕೀಲರನ್ನು ಮೂರು ಸಲ ಕೇಳಿದ್ದಳು. ಇಲ್ಲ, ಖರೇ ಹೇಳುತ್ತೇನೆಂಬ ಮಾತಷ್ಟೇ ಎಂದು ಅವರು ಮೂರು ಸಲವೂ ಹೇಳಿದ್ದರು.

ಎದುರಿನ ವಕೀಲರು ಎದ್ದರು. “ನಿಮ್ಮ ಗ್ವಾಡಿಯೊಳಗಿನ ಬಾಗಲಕ್ಕ ಅಗಳಿ ಯಾವ ಬಾಜು ಐತಿ ಬಾಯಾರ?”

“ಅಗಳೀನ ಇಲ್ರಿ.”

“ಇವತ್ತ ಮುಂಜಾನಿ ನೀರ ಎಲ್ಲಿಂದ ತಂದ್ರಿ?”

“ಅವರ ಬಾವಿಯಿಂದ್ರಿ.”

ದಾವೆ ನಡೆಯುತ್ತಿದ್ದರೂ ಪದ್ಮಾಕರ ಆ ಬಾಗಿಲನ್ನು ಏಕೆ ಮುಚ್ಚಿಸಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

“ಪದ್ಮಾಕರನ ಮಕ್ಕಳು ನಿಮ್ಮಲ್ಲಿ ಉಣತಾರೇನ?”

“ಸಣ್ಣಾಂವ ದಿನಾ ಉಣತಾನ್ರಿ. ಅವಗ ಅವರವ್ವನ ಸಾರ ಸೇರೂದಿಲ್ಲ.”

ಕೋರ್ಟು ನಕ್ಕಿತು. ಕೋರ್ಟು ಬರೆದುಕೊಂಡ ಜಬಾನಿಯಲ್ಲಿ ಸಾರಿನ ಮಾತಿಲ್ಲ. ‘ಪ್ರತಿವಾದಿಯ ಮಗ ಪ್ರತಿದಿನ ನನ್ನಲ್ಲಿ ಊಟ ಮಾಡುತ್ತಾನೆ’ ಎಂದಷ್ಟೇ ಇದೆ.

“ಪಾಲ ಆಗೂದನ್ನ ನೀವು ಕಣ್ಣಿಲೆ ನೋಡೀರೇನ?”

“ಇಲ್ರಿ. ನಾ ಆಗ ಹನ್ನೊಂದ ವರ್ಷದಾಕಿ, ತವರಮನ್ಯಾಗಿದ್ದೆ. ಬೀಡಿ ನಿಮ್ದವ್ವಾ, ಅದರ ಸುದ್ದಿ ನನ್ನ ಕೇಳಬ್ಯಾಡ ಅಂತ ನೇಮಣ್ಣಮಾವಾರ ನನಗ ಹೇಳಿದ್ದು ಖರೇ ಐತ್ರಿ.”

ಆಗ ಎದುರಿನ ವಕೀಲರು ನ್ಯಾಯಾಧೀಶರ ಕಡೆಗೆ ತಿರುಗಿ, ತಮ್ಮ ಪಕ್ಷಗಾರ ಈ ವಾದವನ್ನು ಇಲ್ಲಿಗೇ ಮುಗಿಸಲು ಸಿದ್ಧನಿದ್ದಾನೆ ಎಂದರು. ರಾಜಮತಿಬಾಯಿ ಖಾಸಬಾಗದ ಬಸದಿಯಲ್ಲಿ ತೀರ್ಥಂಕರರ ಎದುರು, ಶಾಸ್ತ್ರಗ್ರಂಥದ ಮೇಲೆ ಕೈಯಿಟ್ಟು, ಬೀಡಿಯ ಭೂಮಿ ತನ್ನ ಮಾವನ ಪಾಲಿಗೆ ಬಂದದ್ದೆಂದು ಒಮ್ಮೆ ಆಣೆ ಮಾಡಲಿ. ಮಾಡಿದರೆ ಪದ್ಮಾಕರ ಭೂಮಿಯನ್ನು ಬಿಟ್ಟುಕೊಡುತ್ತಾನೆ.

ಕಾಯಿದೆಯಲ್ಲಿ ಇದಕ್ಕೆ ಜಾಗವಿತ್ತು. ೧೮೭೩ರ ಪ್ರಮಾಣದ ಕಾಯಿದೆಯ ಪ್ರಕಾರ ಒಬ್ಬ ಪಕ್ಷಗಾರ ಇಂಥ ಸವಾಲು ಹಾಕಿ, ಎದುರಿನವರು ಆಣೆ ಮಾಡಿದರೆ ಅದೇ ಕೊನೆಯ ಮಾತು. ಒಲ್ಲೆ ಎಂದರೆ ಬಲವಂತವಿಲ್ಲ. ಆದರೆ ಒಲ್ಲೆ ಎಂದದ್ದನ್ನೂ ಅದರ ಕಾರಣವನ್ನೂ ಕೋರ್ಟು ಬರೆದಿಟ್ಟುಕೊಳ್ಳಬೇಕು. ಕೋರ್ಟಿನ ಕಟ್ಟೆಯ ಮೇಲಿದ್ದ ಜನ ಪದ್ಮಾಕರ ದೊಡ್ಡ ಮನುಷ್ಯ ಎಂದರು. ನಾಗಲಿಂಗ ವಕೀಲರ ಮುಖ ಅರಳಿತು. ಎರಡು ವರ್ಷದ ದಾವೆ ಐದು ನಿಮಿಷದಲ್ಲಿ ಗೆದ್ದಂತಾಗಿತ್ತು.

ರಾಜಮತಿ ಪದ್ಮಾಕರನನ್ನು ನೋಡಿದಳು. ಅವನು ಟೊಪ್ಪಿಗೆ ತೆಗೆದು ಅದರೊಳಗೆ ನೋಡುತ್ತಿದ್ದ.

“ನಾ ಆಣಿ ಇಡಂಗಿಲ್ರಿ,” ಎಂದಳು.

“ಯಾಕ?” ಎಂದರು ನ್ಯಾಯಾಧೀಶರು.

“ಬಿಟ್ಟೇನ್ರಿ. ಮುನಿಗೋಳ ಮುಂದ ಸಾಯೂ ತನಕ ನೇಮ ಮಾಡೇನಿ. ಖರೇ ಆಣೀನೂ ಇಡಂಗಿಲ್ಲ.”

ನ್ಯಾಯಾಧೀಶರು ಪರಸ್ಥಳದವರು. ಬರೆದುಕೊಂಡರು. ನಾಗಲಿಂಗ ವಕೀಲರು ಕೈಮುಗಿದು ಸಮಯ ಕೇಳಿದ್ದಕ್ಕೆ ಮೂರು ವಾರ ಮುಂದೆ ಹಾಕಿದರು.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ತಾರಾಬಾಯಿ ನಿಂತಿದ್ದಳು. ರಾಜಮತಿಯ ಕೊಡ ತೆಗೆದುಕೊಂಡು ತಾನೇ ನೀರು ಸೇದಿ ತುಂಬಿಸಿದಳು. “ಆಣಿ ಬಿಟ್ಟದ್ದನ್ನ ಅವರಿಗೆ ನಾ ನೆನಪ ಮಾಡಿ ಕೊಡಲಿಲ್ಲ ಅಕ್ಕಾ,” ಎಂದಳು. “ಅವರಿಗೆ ನೆನಪಿತ್ತು.” ರಾಜಮತಿ ಕೊಡ ಎತ್ತಿಕೊಂಡು ಬಂದಳು.

ಎಂಟು ದಿನಕ್ಕೆ ಮದಾರಸಾಬ ಬಂದ. ಈ ಸಲ ಹೆಂಡತಿ ಹುಸೇನಬೀಯೂ ಜೊತೆಗಿದ್ದಳು. ಮದಾರಸಾಬ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ. ದಾರಿಯುದ್ದಕ್ಕೂ ಆಡಬಾರದೆಂದು ಹೆಂಡತಿಗೆ ಹೇಳಿಕೊಂಡು ಬಂದಿದ್ದವನು ಇನ್ನು ತನ್ನ ಕೈಲಾಗದು ಎಂಬಂತೆ ನೆಲ ನೋಡುತ್ತಿದ್ದ.

“ನಿಮ್ಮ ಮಾರಾಜ್ರು ನಿಮಗೂ ಬದನೀಕಾಯಿ ಬಿಡು ಅಂದಿದ್ದರ ಏನ್ ಗಂಟ ಹೋಗತಿತ್ತ ಅಕ್ಕಾ?” ಎಂದಳು ಹುಸೇನಬೀ.

“ನಾನ ಒಪ್ಪಿ ತಗೊಂಡದ್ದು ಹುಸೇನಬೀ.”

“ನಿಮ್ಮ ನೇಮಕ್ಕ ನಿಮ್ಮ ಹೊಲಾ ಕೊಡ್ರಿ. ಯಾರು ಬ್ಯಾಡಂತಾರ? ನನ್ನ ಒಲಿ ಯಾಕ ಕೊಡತೀರಿ? ನಾ ಏನ್ ಬಿಟ್ಟೀನಿ ಯಾರ ಮುಂದ?”

“ಏ, ಬಾಯಿ ಮುಚ್ಚ,” ಎಂದ ಮದಾರಸಾಬ.

“ಮುಚ್ಚತೀನಿ. ಹೊಟ್ಟಿ ಮುಚ್ಚಾಕ ನೀ ಒಂದ ದಾರಿ ಹೇಳು.”

ರಾಜಮತಿ ಅವರಿಗೆ ಅವಲಕ್ಕಿ ಬೆಲ್ಲ ಕೊಟ್ಟು ಕಳಿಸಿದಳು. ಹುಸೇನಬೀ ಮುಟ್ಟಲಿಲ್ಲ. ಆ ರಾತ್ರಿ ಕಳೆದು ಮುಂಜಾನೆ ರಾಜಮತಿ ಬಸದಿಗೆ ಹೋಗಿ, ನೇಮ ಮುರಿಯುವುದೆಂದರೆ ಎಲ್ಲಿಂದ ಲೆಕ್ಕ ಎಂದು ಪೂಜೆಯ ಉಪಾಧ್ಯೆಯವರನ್ನು ಕೇಳಿದಳು.

ಉಪಾಧ್ಯೆಯವರು ಶಾಸ್ತ್ರದಲ್ಲಿದ್ದದ್ದನ್ನು ಹೇಳಿದರು. “ಎತ್ತಿನ ದೃಷ್ಟಾಂತ ಐತವ್ವಾ. ಬೇಲಿ ಆಚಿಗಿನ ಹಸರ ಕಂಡು ಎತ್ತಿಗೆ ಮನಸ್ಸಾತು, ಅದು ಮೊದಲನೇ ದೋಷ. ಎದ್ದ ಬೇಲಿ ಮಟಾ ಹೋತು, ಎರಡನೇದು. ಕುತ್ತಿಗಿ ಚಾಚಿ ಒಂದ ಬಾಯಿ ತಿಂತು, ಮೂರನೇದು. ಒಳಗ ನುಗ್ಗಿ ಮೇಯಾಕ ಹತ್ತಿತು, ನಾಲ್ಕನೇದು. ಅಲ್ಲಿಗೆ ವ್ರತ ಹೋತು.”

“ಹಂಗಾರ ನನಗ ಒಂದನೇದು ಆಗೇತ್ರಿ,” ಎಂದಳು ರಾಜಮತಿ.

ಡಿಸೆಂಬರ್ ೯ರಂದು ಅವಳು ಕೋರ್ಟಿಗೆ ಹೋಗಿ, ಆಣೆ ಮಾಡುತ್ತೇನೆ ಎಂದು ನಾಗಲಿಂಗ ವಕೀಲರಿಗೆ ಹ್ಞೂಂಗುಟ್ಟಿದಳು. ಅವರು ಎದ್ದು ನ್ಯಾಯಾಧೀಶರಿಗೆ ಅರಿಕೆ ಮಾಡಿಕೊಂಡರು: ವಾದಿ ಸಿದ್ಧಳಿದ್ದಾಳೆ, ಇವತ್ತೇ ಬಸದಿಗೆ ಹೋಗಬಹುದು.

ಎದುರಿನ ವಕೀಲರು ಅವಸರ ಮಾಡಲಿಲ್ಲ. ಕಾಗದವೊಂದನ್ನು ಪಕ್ಕಕ್ಕಿಟ್ಟು ಎದ್ದರು. ಸವಾಲು ಹಾಕಿದ್ದು ನವೆಂಬರ್ ೧೮ರಂದು. ವಾದಿ ಅಂದೇ ಒಲ್ಲೆ ಎಂದದ್ದು ಬರೆದಾಗಿದೆ. ಅಲ್ಲಿಗೆ ಸವಾಲು ಮುಗಿಯಿತು. ಈಗ ತಮ್ಮ ಪಕ್ಷಗಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದಾನೆ. ಸವಾಲಿಗೆ ಸಮಯದ ಮಿತಿ ಇರಲಿಲ್ಲ ಎಂದು ನಾಗಲಿಂಗ ವಕೀಲರು ಅರ್ಧ ತಾಸು ವಾದಿಸಿದರು. ಒಲ್ಲದವನ ಮೇಲೆ ಸವಾಲನ್ನು ಹೊರಿಸಲು ಬರುವುದಿಲ್ಲ ಎಂದು ನ್ಯಾಯಾಧೀಶರು ಹೇಳಿದರು. ಆಮೇಲೆ ಎದುರಿನ ವಕೀಲರು ರಾಜಮತಿಯನ್ನು ಮತ್ತೆ ಕಟಕಟೆಗೆ ಕರೆಸಿದರು.

“ಹೋದ ಸಲ ನೇಮ ಐತಿ ಅಂದ್ರಿ. ಸಾಯೂ ತನಕ ಅಂದ್ರಿ. ಇವತ್ತ ಆ ನೇಮ ಐತೋ ಇಲ್ಲೋ?”

“ಐತ್ರಿ.”

“ಇದ್ದರ ಆಣಿ ಹೆಂಗ ಮಾಡತೀರಿ?”

“ಮುರೀಬೇಕಂತನ ಬಂದೇನ್ರಿ.”

“ದೇವರ ಮುಂದ ಕೊಟ್ಟ ಮಾತು ಹೊಲಕ್ಕಾಗಿ ಮುರಿಯಾಕ ಬಂದೀರಿ. ಹಂಗಾರ ಈ ಕೋರ್ಟಿನ ಮುಂದ ಕೊಟ್ಟ ಮಾತು ಹೊಲಕ್ಕಾಗಿ ಮುರಿಯಂಗಿಲ್ಲ ಅಂತ ಹೆಂಗ ನಂಬೂದು?”

ಜಬಾನಿಯಲ್ಲಿ ‘ಸಾಕ್ಷಿ ಸುಮ್ಮನಿದ್ದಾಳೆ’ ಎಂದಿದೆ. ಹುಸೇನಬೀಯ ಒಲೆಯ ಮಾತನ್ನು ಅವಳು ಅಲ್ಲಿ ಎತ್ತಲಿಲ್ಲ. ಎತ್ತಿದ್ದರೆ ಮದಾರಸಾಬ ಬಂದು ಕಲಿಸಿಕೊಟ್ಟ ಎಂದು ಅದೂ ಅವಳ ಮೇಲೆಯೇ ತಿರುಗುತ್ತಿತ್ತು.

೧೯೨೭ರ ಜನವರಿ ೨೭ರಂದು ತೀರ್ಪು ಬಂತು. ಖಾತೆ, ಸಾರಾ ಪಾವತಿ, ತೆರೆದ ಬಾಗಿಲು, ಒಂದೇ ಬಾವಿ, ಮಗುವಿನ ಊಟ ಎಲ್ಲವೂ ಕುಟುಂಬ ಒಟ್ಟಾಗಿತ್ತೆಂದೇ ತೋರಿಸುತ್ತವೆ. ಪಾಲಾದದ್ದಕ್ಕೆ ವಾದಿಯ ಮಾತು ಮತ್ತು ಸ್ವಾರ್ಥವಿರುವ ಒಬ್ಬ ಗೇಣಿದಾರನ ಮಾತಿನ ಹೊರತು ಆಧಾರವಿಲ್ಲ. ವಾದಿಯೋ ಒಮ್ಮೆ ಆಣೆಗೆ ಹಿಂಜರಿದು ಆಮೇಲೆ ಮುಂದೆ ಬಂದವಳು. ದಾವೆ ವಜಾ. ವಿಧವೆಯ ಅನ್ನ-ಬಟ್ಟೆಯ ಹಕ್ಕಿಗೆ ಅಡ್ಡಿಯಿಲ್ಲ ಎಂದೂ ಸೇರಿಸಿದ್ದರು. ಆ ಹಕ್ಕನ್ನು ಅವಳು ಎಂದೂ ಕೇಳಲಿಲ್ಲ. ಅಪೀಲಿಗೆ ಜಾಗವಿದೆ ಎಂದು ನಾಗಲಿಂಗ ವಕೀಲರು ಹೇಳಿದರು, ಬೇಡವೆಂದಳು. ಉಪಾಧ್ಯೆಯವರ ಹತ್ತಿರ ಹೋಗಿ ಎರಡನೆಯ ದೋಷವೂ ಆಯಿತು ಎಂದು ಹೇಳಿ ಪ್ರಾಯಶ್ಚಿತ್ತದ ಉಪವಾಸ ಹಾಕಿಸಿಕೊಂಡಳು. ಖಾಸಬಾಗದ ನೇಕಾರರ ಮನೆಗಳಿಂದ ನೂಲು ತಂದು ಕಂಡಿಕೆ ಸುತ್ತಿಕೊಡುವ ಕೆಲಸ ಹಿಡಿದಳು.

ಒಂದು ವರ್ಷ ಕಳೆದ ಮೇಲೆ, ೧೯೨೮ರ ಫೆಬ್ರುವರಿಯಲ್ಲಿ, ಪದ್ಮಾಕರ ಒಂದು ಕಾಗದ ಹಿಡಿದು ಆ ಸಣ್ಣ ಬಾಗಿಲಿನಿಂದ ಬಂದ. ಬೀಡಿಯ ಭೂಮಿಯನ್ನು ಖಾನಾಪುರದ ಒಬ್ಬ ಅಕ್ಕಿ ವ್ಯಾಪಾರಿಗೆ ಮಾರುವ ಮಾತಾಗಿತ್ತು. ಮುಂದೆ ವಿಧವೆ ತಕರಾರು ಎತ್ತಬಾರದು, ಅವಳಿಂದ ಹಕ್ಕುಬಿಟ್ಟ ಪತ್ರ ಬೇಕು ಎಂದು ಕೊಳ್ಳುವವನ ವಕೀಲರು ಪಟ್ಟು ಹಿಡಿದಿದ್ದರು. ಯುಗಾದಿಯೊಳಗೆ ಮನೆ ಬಿಚ್ಚಿಕೊಂಡು ಹೋಗಬೇಕೆಂದು ಮದಾರಸಾಬನಿಗೆ ಆಗಲೇ ಹೇಳಿಯಾಗಿತ್ತು. ಪದ್ಮಾಕರ ಅವನನ್ನೂ ಕರೆಸಿದ್ದ.

“ವೈನಿ, ನೀವು ಸಹಿ ಮಾಡಿದರ ಮದಾರಸಾಬನ್ನ ಕೀಳೂದಿಲ್ಲ,” ಎಂದ. “ಕೊಳ್ಳಾಂವ ಒಪ್ಪ್ಯಾನ. ಅದನ್ನೂ ಬರಸಿಕೊಡತೀನಿ. ನಾ ಮಾಡಿದ್ದಕ್ಕ ಇಷ್ಟರ ಆಗಲಿ.”

“ಓದು.”

ಓದಿದ. ಆ ಭೂಮಿಯಲ್ಲಿ ನನಗಾಗಲಿ ನನ್ನ ಗಂಡನಿಗಾಗಲಿ ಮಾವನಿಗಾಗಲಿ ಪ್ರತ್ಯೇಕ ಹಕ್ಕು ಎಂದೂ ಇರಲಿಲ್ಲ, ದಾವೆಯಲ್ಲಿ ನನ್ನ ಕಡೆಯಿಂದ ಹೇಳಿಸಿದ್ದು ಖರೇ ಅಲ್ಲ ಎಂದಿತ್ತು.

“ಇನ್ನೊಮ್ಮಿ ಓದು.”

ಇನ್ನೊಮ್ಮೆ ಓದಿದ.

“ಈಗ ಇಲ್ಲ ಅಂತ ಬರಿ. ಕೋರ್ಟ ನಿನಗ ಕೊಟ್ಟೈತಿ, ನಾ ಇಲ್ಲನ್ನೂದಿಲ್ಲ. ಮುಂದ ಕೇಳಂಗಿಲ್ಲಂತನೂ ಬರಿ. ಅದಕ್ಕ ಸಹಿ ಹಾಕತೀನಿ.”

“ಅದನ್ನ ಹೇಳಿ ನೋಡೀನಿ ವೈನಿ. ಎಂದೂ ಇರಲಿಲ್ಲ ಅಂತನ ಬೇಕಂತಾರ ಅವರ ವಕೀಲರು.”

ರಾಜಮತಿ ಕೈಯಲ್ಲಿದ್ದ ಕಂಡಿಕೆಯನ್ನು ಬುಟ್ಟಿಗೆ ಹಾಕಿ ಮದಾರಸಾಬನ ಕಡೆಗೆ ತಿರುಗಿದಳು. “ನೀ ಹೇಳು ಮದಾರಣ್ಣಾ. ಹೋದ ಸಲ ನಿನ್ನ ಕೇಳದ ಒಲ್ಲೆ ಅಂದೆ. ಈ ಸಲ ನೀ ಹಾಕು ಅಂದರ ಹಾಕತೀನಿ. ಇದು ಆಣಿ ಅಲ್ಲ, ಬರೇ ಸುಳ್ಳು.”

ಮದಾರಸಾಬ ಪದ್ಮಾಕರನನ್ನು ಕೇಳಿದ: “ಅಕ್ಕಾರು ಇದಕ್ಕ ಸಹಿ ಮಾಡಿದರ ನಾ ಕಟಕಟ್ಯಾಗ ನಿಂತ ಹೇಳಿದ್ದು ಏನಾಕ್ಕತ್ರಿ?”

“ಅದು ಮುಗದ ಹ್ವಾದ ಮಾತಲ್ಲೋ.”

“ಮುಗದೈತ್ರಿ. ಸುಳ್ಳಂತ ಮುಗದಿಲ್ಲ. ನನ್ನ ಮಾತು ಸಾಲೂದಿಲ್ಲ ಅಂದಾರ ಸಾಹೇಬ್ರು, ಸುಳ್ಳ ಹೇಳ್ಯಾನ ಅಂದಿಲ್ಲ. ವಕೀಲಸಾಹೇಬರ ಕಡಿಂದ ಎರಡ ಸಲ ಓದಿಸಿ ಕೇಳೀನಿ.” ಅವನು ಎದ್ದು ರುಮಾಲು ಸರಿಮಾಡಿಕೊಂಡ. “ಬ್ಯಾಡ್ರಿ ಅಕ್ಕಾರ.”

“ಹುಸೇನಬೀ ಏನಂತಾಳ?”

“ಬೈತಾಳ್ರಿ. ಖಾನಾಪುರದ ಮಟಾ ಬೈಕೋತ ಬರತಾಳ. ಅಲ್ಲಿ ಹಂಚಿನ ಭಟ್ಟ್ಯಾಗ ಕೆಲಸ ಕೇಳೀನಿ. ಹೊಗಿ ಕಣ್ಣಾಗ ಹ್ವಾದ ಮ್ಯಾಲ ಸುಮ್ಮನಾಗತಾಳ.”

ಪದ್ಮಾಕರ ಕಾಗದ ಮಡಚಿಕೊಂಡು ಎದ್ದ. “ನಿಮಗ ನಾ ಯಾವುದನ್ನೂ ಕೊಡಾಕ ಬರಂಗಿಲ್ಲ ನೋಡ್ರಿ,” ಎಂದ. ಅದರಲ್ಲಿ ಸಿಟ್ಟು ಎಷ್ಟಿತ್ತೋ ಅಳುವೂ ಅಷ್ಟೇ ಇತ್ತು. ಹಕ್ಕುಬಿಟ್ಟ ಪತ್ರವಿಲ್ಲದೆಯೇ, ಕಡಿಮೆ ಬೆಲೆಗೆ, ಮಾರಾಟ ಮುಗಿಯಿತು.

ಯುಗಾದಿಗೆ ನಾಲ್ಕು ದಿನ ಮೊದಲು ಮದಾರಸಾಬ ಮನೆ ಬಿಚ್ಚಿದ. ಹಂಚು, ಎರಡು ತೊಲೆ, ಬಾಗಿಲು ಚೌಕಟ್ಟು ಗಾಡಿಗೆ ಏರಿದವು. ಬುನಾದಿಯ ಕಲ್ಲು ಭೂಮಿಗೆ ಸೇರಿದ್ದು ಎಂದು ಹೊಸ ಒಡೆಯನ ಆಳು ತಡೆದ. ಅವು ಮದಾರಸಾಬನ ತಂದೆ ಹಳ್ಳದಿಂದ ಹೊತ್ತು ತಂದ ಕಲ್ಲುಗಳು. ಅದಕ್ಕೆ ಕಾಗದವಿರಲಿಲ್ಲ. ಅವನು ಅಲ್ಲೇ ಬಿಟ್ಟ.

ಆ ವರ್ಷದ ಮಳೆಗಾಲದಲ್ಲಿ ಮನೆಯಲ್ಲಿ ಉಳಿದಿದ್ದ ಬೀಡಿಯ ಹಳೆಯ ಭತ್ತ ತೀರಿದಾಗ ರಾಜಮತಿ ಮದುವೆಯಾದ ಮೇಲೆ ಮೊದಲ ಸಲ ಅಕ್ಕಿ ಕೊಳ್ಳಲು ಅಂಗಡಿಗೆ ಹೋದಳು. ಯಾವುದು ಬೇಕು ಎಂದು ಅಂಗಡಿಯವನು ನಾಲ್ಕು ಚೀಲ ಬಿಚ್ಚಿ ತೋರಿಸಿದ. ಅವಳು ಪ್ರತಿಯೊಂದರಿಂದಲೂ ಹಿಡಿಯಷ್ಟು ತೆಗೆದು, ಅಂಗೈಯಲ್ಲಿ ಹರಡಿ ನೋಡಿ, ಒಂದು ಕಾಳೂ ಕೆಳಗೆ ಬೀಳದಂತೆ ಅದದೇ ಚೀಲಕ್ಕೆ ವಾಪಸು ಹಾಕಿದಳು. ಆಮೇಲೆ ಜೋಳ ತೂಗಿಸಿಕೊಂಡು ಮನೆಗೆ ಹೋದಳು.